ಹದಿನಾರು ಕಾರ್ಡಿಗೆ ಒಂದೇ ತಾಳ

ಮುಂದಿನ ಸಾಲಿಗೆ ಒಂದು ಕೇಬಲ್ ಕೊಟ್ಟಿದ್ದೇನೆ. ಕೈಯಿಂದ ಕೈಗೆ ದಾಟಿಸುತ್ತಾ ಹಿಂದಿನ ಸಾಲಿನವರೆಗೂ ಕಳಿಸಿ. ಒಂದು ಮೀಟರ್ ಉದ್ದದ ಕೇಬಲ್, ಮನೆ ಟಿವಿಗೆ ಬರುತ್ತಲ್ಲ, ಅದೇ ಜಾತಿ, ಸ್ವಲ್ಪ ತೆಳು. ಸುರುಳಿ ಸುತ್ತಿ ಎರಡು ಕಡೆ ಬಿಳಿ ನೂಲು ಕಟ್ಟಿದ್ದೇವೆ. ನಾವು ಕಟ್ಟಿದ ಕಂಪ್ಯೂಟರಿನಲ್ಲಿ ಈ ಕೇಬಲ್ ಹೋಗಿ ಸೇರಬೇಕಾಗಿದ್ದ ಸರ್ಕಿಟ್ ಕಾರ್ಡು ಇದ್ದದ್ದು ಒಂದು ಗೇಣು ದೂರದಲ್ಲಿ. ಗೇಣು ದೂರಕ್ಕೆ ಮೀಟರ್ ಉದ್ದದ ಕೇಬಲ್ ಯಾಕೆ ಬೇಕಿತ್ತು ಅನ್ನೋದನ್ನು ಹೇಳೋದಕ್ಕೇ ನಾನು ಇವತ್ತು ಬಂದಿದ್ದೇನೆ.

1990ರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ಪುಣೆಗೆ ಬಂದೆ. ಇಲ್ಲಿನ ಒಂದು ವಿದ್ಯಾಪೀಠದ ಪ್ರಯೋಗಾಲಯದಲ್ಲಿ ನಾವು ಐದು ಜನ ಸೇರಿ ಒಂದು ಕಂಪ್ಯೂಟರ್ ಕಟ್ಟಿದೆವು. ಅಂಗಡಿಯಿಂದ ಬಿಡಿಭಾಗ ತಂದು ಜೋಡಿಸಿದ್ದಲ್ಲ. ಕಾರ್ಡಿನ ನಕ್ಷೆ ನಮ್ಮದು, ಬೆಸುಗೆ ನಮ್ಮದು, ಚಿಪ್ಪಿನ ಒಳಗೆ ಏನು ನಡೆಯಬೇಕು ಅನ್ನೋದೂ ನಮ್ಮದು. ಒಟ್ಟು 16 ಕಾರ್ಡು. ಪ್ರತಿ ಕಾರ್ಡಿನಲ್ಲಿ ಒಂದು ಎಫ್‌ಪಿಜಿಎ, ಪಕ್ಕದಲ್ಲಿ ಸ್ವಲ್ಪ ಮೆಮೊರಿ. ಎಫ್‌ಪಿಜಿಎ ಅಂದರೆ ಖಾಲಿ ಸೈಟಿನಂಥ ಚಿಪ್ಪು. ಕೂಡುವ ಸರ್ಕಿಟ್ ಬೇಕಾದರೆ ಅದು, ಗುಣಿಸುವ ಸರ್ಕಿಟ್ ಬೇಕಾದರೆ ಅದು, ನಾವೇ ಅದರೊಳಗೆ ಕಟ್ಟಿಕೊಳ್ಳಬಹುದು. ಬೇಡವಾದರೆ ಅಳಿಸಿ ಬೇರೆ ಕಟ್ಟಬಹುದು. 16 ಕಾರ್ಡೂ ಒಂದೇ ಲೆಕ್ಕವನ್ನು ಹಂಚಿಕೊಂಡು ಒಟ್ಟಿಗೆ ಮಾಡಬೇಕು. ಇದಕ್ಕೇ ಪ್ಯಾರಲಲ್ ಕಂಪ್ಯೂಟರ್ ಅನ್ನೋದು.

ಕೊಂಡುಕೊಳ್ಳಬಹುದಿತ್ತಲ್ಲ, ಕಟ್ಟೋದು ಯಾಕೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ನಮ್ಮ ಊರಲ್ಲೇ ಒಂದು ಉತ್ತರ ಇದೆ. 1980ರ ದಶಕದಲ್ಲಿ ನಮ್ಮ ದೇಶ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೊಳ್ಳಲು ಹೊರಟಿತ್ತು. ಕೇಳಿದ ಯಂತ್ರ ಸಿಗಲಿಲ್ಲ. ಹವಾಮಾನದ ಲೆಕ್ಕಕ್ಕೆ ಮಾತ್ರ ಅಂತ ಅದಕ್ಕಿಂತ ಸಣ್ಣದೊಂದು ದಿಲ್ಲಿಗೆ ಬಂತು. ಹಾಗಾದರೆ ನಾವೇ ಕಟ್ಟೋಣ ಅಂತ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಶುರುವಾಯಿತು. ವಿಜಯ್ ಭಟ್ಕರ್ ಅವರ ಮುಂದಾಳತ್ವದಲ್ಲಿ 1991ಕ್ಕೆ ಪರಮ್ 8000 ಅನ್ನೋ ನಮ್ಮದೇ ಸೂಪರ್ ಕಂಪ್ಯೂಟರ್ ಸಿದ್ಧವಾಯಿತು. ಗಣೇಶಖಿಂಡ್ ರಸ್ತೆಯಲ್ಲಿ ಓಡಾಡುವ ನಮಗೆಲ್ಲ ಆ ಆವರಣ ಗೊತ್ತಿರೋದೇ. ಆದರೆ ನಾವು ಕನ್ನಡಿಗರು ಇನ್ನೊಂದನ್ನೂ ನೆನಪಿಟ್ಟುಕೊಳ್ಳಬೇಕು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಅನ್ನೋ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದರು. ಗಾಳಿ ಹರಿಯುವ ಲೆಕ್ಕಕ್ಕೆ ಅಂತಲೇ ಮಾಡಿದ ಯಂತ್ರ ಅದು. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹೋಗುತ್ತೆ ಅಂತ ತಿಳಿಯಬೇಕಿದ್ದ ಜನ, ಲೆಕ್ಕ ಮಾಡುವ ಯಂತ್ರವನ್ನೂ ತಾವೇ ಮಾಡಿಕೊಂಡರು.

ಅದಕ್ಕೂ ಹಿಂದೆ ಹೋದರೆ ಮುಂಬಯಿ. ಕೊಲಾಬಾದ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ 1960ರಲ್ಲಿ ಕೆಲಸ ಶುರು ಮಾಡಿದ ಟಿಫ್ರ್ಯಾಕ್ ಅನ್ನೋ ಕಂಪ್ಯೂಟರ್. ಬಲ್ಬಿನಂಥ ಸುಮಾರು 2,700 ವಾಲ್ವುಗಳ ಯಂತ್ರ. ನೆನಪಿಟ್ಟುಕೊಳ್ಳಲು ಅದಕ್ಕೆ ಇದ್ದ ಜಾಗ 2,048 ಪದ, ಒಂದೊಂದು ಪದಕ್ಕೆ 40 ಬಿಟ್, ಅಂದರೆ 40 ಸೊನ್ನೆ-ಒಂದುಗಳು. ಗುಣಿಸಿದರೆ 81,920 ಬಿಟ್ ಆಯಿತು. ಆಗಿನ ಮೆಮೊರಿಯಲ್ಲಿ ಒಂದು ಬಿಟ್ಟಿಗೆ ಸಾಸಿವೆ ಕಾಳಿನ ಹಾಗಿನ ಒಂದು ಫೆರೈಟ್ ಉಂಗುರ. ಪ್ರತಿ ಉಂಗುರದ ಒಳಗೂ ತಂತಿ ಪೋಣಿಸಬೇಕು. ಇವತ್ತು ನಿಮ್ಮ ಫೋನಿನ ಒಂದು ಸಣ್ಣ ಫೋಟೋ ಕೂಡ ಆ ಮೆಮೊರಿಯಲ್ಲಿ ಹಿಡಿಸಲ್ಲ. ಆದರೆ ಅದನ್ನು ಪೋಣಿಸಿದವರಿಗೆ ಪ್ರತಿ ಬಿಟ್ಟೂ ಎಲ್ಲಿದೆ ಅಂತ ಗೊತ್ತಿತ್ತು.

ಈಗ ವಿಷಯಕ್ಕೆ ಬರೋಣ. ಪರಮ್ 8000ರ ಒಳಗೆ ಇದ್ದದ್ದು ಟ್ರಾನ್ಸ್‌ಪ್ಯೂಟರ್ ಅನ್ನೋ ಚಿಪ್ಪು. ಇಂಗ್ಲೆಂಡಿನ ಬ್ರಿಸ್ಟಲ್‌ನ ಇನ್‌ಮಾಸ್ ಕಂಪನಿ ಮಾಡಿದ್ದು. ನನಗೆ ಇವತ್ತಿಗೂ ತುಂಬಾ ಇಷ್ಟವಾದ ಚಿಪ್ಪು ಅದು. ಯಾಕೆ ಹೇಳಿ? ಲೆಕ್ಕ ಮಾಡೋ ಭಾಗದ ಜೊತೆಗೆ ನೆರೆಯವರ ಹತ್ತಿರ ಮಾತಾಡೋಕೆ ನಾಲ್ಕು ಬಾಗಿಲನ್ನೂ ಅದೇ ಚಿಪ್ಪಿನಲ್ಲಿ ಇಟ್ಟಿದ್ದರು. ನಾಲ್ಕು ಬಾಗಿಲು ಅಂದರೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಒಂದರ ಬಾಗಿಲಿಗೆ ಇನ್ನೊಂದರ ಬಾಗಿಲು ಜೋಡಿಸುತ್ತಾ ಹೋದರೆ ದೊಡ್ಡ ಬಲೆ ತಾನಾಗೇ ಹರಡುತ್ತೆ. ಇನ್ನೊಂದು ಜಾಣ ಜೋಡಣೆಯನ್ನು ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದವರು 1983ರ ಹೊತ್ತಿಗೆ ಮಾಡಿದ್ದರು. ಹೆಸರು ಕಾಸ್ಮಿಕ್ ಕ್ಯೂಬ್. ಮಾಮೂಲಿ ಪಿಸಿಗಳ ಜಾತಿಯ 8086 ಚಿಪ್ಪುಗಳೇ, ಒಟ್ಟು 64. ಪ್ರತಿಯೊಂದಕ್ಕೂ ಆರು ನೆರೆಯವರು. 64 ಚಿಪ್ಪನ್ನು ಚದುರಂಗದ ಹಾಸಿನ ಹಾಗೆ 8ಕ್ಕೆ 8 ಜೋಡಿಸಿದರೆ ಒಂದು ಮೂಲೆಯಿಂದ ಎದುರು ಮೂಲೆಗೆ 14 ಹೆಜ್ಜೆ. ಅವರ ಜೋಡಣೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ 6 ಹೆಜ್ಜೆಗಿಂತ ಜಾಸ್ತಿ ಇಲ್ಲ. ಗಮನಿಸಿ, ಚಿಪ್ಪು ಬದಲಾಗಿಲ್ಲ. ತಂತಿ ಎಳೆದ ರೀತಿ ಮಾತ್ರ ಬೇರೆ.

ನಾವು ಟ್ರಾನ್ಸ್‌ಪ್ಯೂಟರ್ ದಾರಿ ಹಿಡಿದೆವು. 4ಕ್ಕೆ 4 ಹಾಸು, ಪ್ರತಿ ಕಾರ್ಡಿಗೆ ನಾಲ್ಕು ಬಾಗಿಲು. ಯಾಕೆಂದರೆ ನಮ್ಮ ಲೆಕ್ಕವೇ ಆ ಆಕಾರದ್ದು. ಒಂದು ತಗಡಿನಲ್ಲಿ ಶಾಖ ಹೇಗೆ ಹರಡುತ್ತೆ ಅನ್ನೋ ಲೆಕ್ಕ ಅದು. ದೋಸೆ ಕಾವಲಿ ಅಂತಲೇ ಇಟ್ಟುಕೊಳ್ಳಿ. ಕಾವಲಿಯ ಮೇಲೆ 400ಕ್ಕೆ 400 ಚುಕ್ಕೆ ಇಡಿ. ಒಂದು ಕ್ಷಣದ ನಂತರ ಒಂದು ಚುಕ್ಕೆಯ ಬಿಸಿ ಎಷ್ಟು ಅಂತ ತಿಳಿಯೋಕೆ ಅದರ ಈಗಿನ ಬಿಸಿ, ಅದರ ನಾಲ್ಕು ಪಕ್ಕದ ಚುಕ್ಕೆಗಳ ಬಿಸಿ ಗೊತ್ತಿದ್ದರೆ ಸಾಕು. ದೂರದ ಚುಕ್ಕೆ ಬೇಕಿಲ್ಲ. ಕಾವಲಿಯನ್ನು 16 ಚೌಕ ಮಾಡಿ ಕಾರ್ಡಿಗೊಂದು ಹಂಚಿದರೆ ಒಬ್ಬೊಬ್ಬರಿಗೆ 100ಕ್ಕೆ 100, ಅಂದರೆ 10,000 ಚುಕ್ಕೆ. ಒಳಗಿನ ಚುಕ್ಕೆಗಳ ಲೆಕ್ಕಕ್ಕೆ ಯಾರನ್ನೂ ಕೇಳಬೇಕಿಲ್ಲ. ಅಂಚಿನ ಚುಕ್ಕೆಗೆ ಮಾತ್ರ ಪಕ್ಕದ ಕಾರ್ಡಿನಿಂದ ಸುದ್ದಿ ಬರಬೇಕು.

ಇಲ್ಲಿ ಸ್ವಲ್ಪ ಅಂಕಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಕಂಪ್ಯೂಟರಿನ ಕೆಲಸವೆಲ್ಲ ಕ್ಲಾಕ್ ಅನ್ನೋ ಸಿಗ್ನಲ್ಲಿನ ಮಿಡಿತಕ್ಕೆ ಹೆಜ್ಜೆ ಹಾಕುತ್ತೆ, ಅದನ್ನೇ ನಾನು ತಾಳ ಅಂತೀನಿ. ನಮ್ಮ ಕಾರ್ಡು ಸೆಕೆಂಡಿಗೆ 5 ಕೋಟಿ ತಾಳ ಹಾಕ್ತಿತ್ತು, ಅಂದರೆ 50 ಮೆಗಾಹರ್ಟ್ಸ್. ಒಂದು ತಾಳಕ್ಕೆ 20 ನ್ಯಾನೋಸೆಕೆಂಡ್. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು, ಸಾವಿರ ಸೇರಿದರೆ ಒಂದು ಮೈಕ್ರೋಸೆಕೆಂಡ್. ತಾಳಕ್ಕೆ ಒಂದು ಚುಕ್ಕೆ ಮುಗಿಸುವ ಹಾಗೆ ಸರ್ಕಿಟ್ ಕಟ್ಟಿದ್ದೆವು. 10,000 ಚುಕ್ಕೆಗೆ 200 ಮೈಕ್ರೋಸೆಕೆಂಡ್ ಆಯಿತು. ಅಂಚಿನ ಸುದ್ದಿ ಸಾಗಿಸೋದು? ಒಂದು ಪಕ್ಕದಲ್ಲಿ 100 ಚುಕ್ಕೆ, ಚುಕ್ಕೆಗೆ 32 ಬಿಟ್, ತಂತಿಯಲ್ಲಿ ತಾಳಕ್ಕೆ ಒಂದೇ ಬಿಟ್. ಅದೂ ಹೋಗೋಕೆ ಬರೋಕೆ ಒಂದೇ ತಂತಿ, ಒಬ್ಬರು ಕಳಿಸಿ ಮುಗಿಸಿದ ಮೇಲೆ ಇನ್ನೊಬ್ಬರು. ಲೆಕ್ಕ ಹಾಕಿ, 128 ಮೈಕ್ರೋಸೆಕೆಂಡ್. 10,000 ಚುಕ್ಕೆಯ ಲೆಕ್ಕಕ್ಕೆ 200, ಬರೀ ಅಂಚು ದಾಟಿಸೋಕೆ 128! ಒಟ್ಟು 328.

ಇನ್ನೂ ಕಾರ್ಡು ಸೇರಿಸೋಣ, 64 ಮಾಡೋಣ ಅಂತ ನಮ್ಮಲ್ಲಿ ಒಬ್ಬರು ಹೇಳಿದರು. ಸರಿ, ಒಬ್ಬೊಬ್ಬರಿಗೆ 50ಕ್ಕೆ 50 ಬಂತು. ಲೆಕ್ಕದ ಸಮಯ ನಾಲ್ಕನೇ ಒಂದು ಪಾಲಿಗೆ ಇಳಿದು 50 ಆಗುತ್ತೆ. ಆದರೆ ಅಂಚು ಅರ್ಧ ಮಾತ್ರ ಇಳಿಯುತ್ತೆ, 64. ಈಗ ಲೆಕ್ಕಕ್ಕಿಂತ ಸಾಗಣೆಯೇ ಜಾಸ್ತಿ. ಖರ್ಚು ನಾಲ್ಕು ಪಟ್ಟು, ವೇಗ ಮೂರು ಪಟ್ಟೂ ಇಲ್ಲ. ಹೊಲ ಪಾಲು ಮಾಡಿದ ಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಪಾಲು ಸಣ್ಣದಾದಷ್ಟೂ ಬದುವಿಗೇ ಜಾಗ ಹೋಗುತ್ತೆ.

ನಾವು ಕಾರ್ಡು ಸೇರಿಸಲಿಲ್ಲ. ಕೆಲಸದ ಸರದಿ ಬದಲಿಸಿದೆವು. ಮೊದಲೆಲ್ಲ ಚೌಕದ ಮೇಲಿನ ಎಡ ಮೂಲೆಯಿಂದ ಶುರು ಮಾಡಿ ಸಾಲಾಗಿ ಲೆಕ್ಕ ಮುಗಿಸಿ, ಆಮೇಲೆ ಅಂಚು ಕಳಿಸ್ತಿದ್ದೆವು. ಈಗ ಅಂಚಿನ ಚುಕ್ಕೆಗಳ ಲೆಕ್ಕ ಮೊದಲು. ಮುಗಿಯುತ್ತಿದ್ದ ಹಾಗೆ ಅವನ್ನು ತಂತಿಗೆ ಹಾಕಿಬಿಡೋದು. ಅವು ದಾರಿಯಲ್ಲಿರುವಾಗ ಒಳಗಿನ ಚುಕ್ಕೆಗಳ ಲೆಕ್ಕ. ಒಳಗಿನದು ಮುಗಿಯುವಷ್ಟರಲ್ಲಿ ನೆರೆಯವರ ಸುದ್ದಿ ಬಂದು ಕೂತಿರುತ್ತೆ. 328 ಇದ್ದದ್ದು ಸುಮಾರು 200ಕ್ಕೆ ಇಳಿಯಿತು. ಒಂದು ರೂಪಾಯಿ ಹೊಸ ಖರ್ಚಿಲ್ಲ. ಅವತ್ತು ರಾತ್ರಿ ನಾವು ಐದೂ ಜನ ಕ್ಯಾಂಪಸ್ ಗೇಟಿನ ಎದುರು ಎರಡೆರಡು ಚಹಾ ಕುಡಿದೆವು. ಚಿಪ್ಪಿನ ಒಳಗೂ ಹೊರಗೂ ನಮ್ಮದೇ ಆಗಿದ್ದರಿಂದ ಇದು ಸಾಧ್ಯವಾಯಿತು. ಕೊಂಡ ಪೆಟ್ಟಿಗೆಯಲ್ಲಿ ಸರದಿಯನ್ನು ಯಾರೋ ಎಲ್ಲೋ ಮೊದಲೇ ಗೊತ್ತು ಮಾಡಿರುತ್ತಾರೆ.

ಈಗ ಆ ಕೇಬಲ್ಲಿಗೆ ಬರ್ತೀನಿ. ಎಲ್ಲಿಗೆ ತಲುಪಿತು? ಐದನೇ ಸಾಲಾ? ಸರಿ.

ಅದಕ್ಕೂ ಮೊದಲು ಗಣಪತಿ ಮೆರವಣಿಗೆ ನೆನಪು ಮಾಡಿಕೊಳ್ಳಿ. ಪುಣೆಯಲ್ಲಿ ಇದ್ದೀವಿ, ಢೋಲ್-ತಾಶಾ ನೋಡದೆ ಇರೋರು ಇಲ್ಲಿ ಯಾರೂ ಇಲ್ಲ. ಲಕ್ಷ್ಮಿ ರಸ್ತೆಯಲ್ಲಿ ಉದ್ದಕ್ಕೆ ಸಾಲು ನಿಂತ ಪಥಕ, ಅಂದರೆ ವಾದ್ಯದ ತಂಡ. ಮುಂದೆ ತಾಶಾ, ಹಿಂದೆ ಸಾಲು ಸಾಲು ಢೋಲ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 34 ಮೀಟರ್ ಹಿಂದೆ ನಿಂತವನ ಕಿವಿಗೆ ತಾಶಾ ಸದ್ದು ತಲುಪೋದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಅವನು ಕೇಳಿಸಿಕೊಂಡು ಬಾರಿಸಿದರೆ ಅವನ ಸದ್ದು ಮುಂದಿನವರಿಗೆ ವಾಪಸ್ ಕೇಳೋದು ಇನ್ನೂ ಅಷ್ಟೇ ತಡವಾಗಿ. ತಾಳ ಕಲಸಿಹೋಗುತ್ತೆ. ಅದಕ್ಕೇ ಒಳ್ಳೆ ಪಥಕದಲ್ಲಿ ಹಿಂದಿನವರ ಕಣ್ಣು ಮುಂದೆ ನಿಂತವನ ಕೈ ಮೇಲೆ ಇರುತ್ತೆ. ಕಿವಿ ನಂಬಿದವನು ಹಿಂದೆ ಬೀಳ್ತಾನೆ, ಕೈ ನೋಡಿದವನು ಜೊತೆಗೆ ಬಾರಿಸ್ತಾನೆ.

ನಮ್ಮ ಕಾರ್ಡುಗಳಿಗೆ ಕಣ್ಣಿಲ್ಲ. ತಾಳ ತಂತಿಯಲ್ಲೇ ಬರಬೇಕು. ಈ ಕೇಬಲ್ಲಿನಲ್ಲಿ ಸಿಗ್ನಲ್ ಒಂದು ಮೀಟರ್ ಹೋಗೋಕೆ 5 ನ್ಯಾನೋಸೆಕೆಂಡ್ ತಗೊಳ್ಳುತ್ತೆ. ಕೇಳೋಕೆ ಏನೂ ಅಲ್ಲ ಅನಿಸುತ್ತೆ. ಆದರೆ ನಮ್ಮ ತಾಳವೇ 20 ನ್ಯಾನೋಸೆಕೆಂಡಿನದು, ಮರೀಬೇಡಿ.

ಮೊದಲ ಸಲ ನಾವು ತಾಳದ ತಂತಿಯನ್ನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ, ಹಾವಿನ ಹಾಗೆ ಎಳೆದಿದ್ದೆವು. ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ. ಪ್ರತಿ ನೆಗೆತಕ್ಕೆ 25 ಸೆಂಟಿಮೀಟರ್ ಕೇಬಲ್. ತಂತಿ ಉಳಿಯುತ್ತೆ, ನೋಡೋಕೂ ಚೆಂದ. ಸಾಲಿನಲ್ಲಿ ಅಕ್ಕಪಕ್ಕ ಇರೋ ಕಾರ್ಡುಗಳ ನಡುವೆ ತಡ ಬರೀ ಒಂದೂಕಾಲು ನ್ಯಾನೋಸೆಕೆಂಡ್. ತೊಂದರೆಯೇ ಇಲ್ಲ. ಅವುಗಳ ನಡುವೆ ಸುದ್ದಿ ಸರಿಯಾಗೇ ದಾಟುತ್ತಿತ್ತು. ಮೇಲಿನ ಸಾಲಿನ ಮೊದಲ ಕಾರ್ಡಿಗೂ ಅದರ ಕೆಳಗೇ ಇರೋ ಕಾರ್ಡಿಗೂ ಮಾತ್ರ ಹೊಂದುತ್ತಿರಲಿಲ್ಲ. ಒಂದರ ಕೆಳಗೆ ಒಂದು, ಕಣ್ಣಿಗೆ ಪಕ್ಕದ ಮನೆ. ತಾಳದ ತಂತಿಯ ದಾರಿಯಲ್ಲಿ ಏಳು ನೆಗೆತ ದೂರ. ಒಂದೂಮುಕ್ಕಾಲು ಮೀಟರ್, ಸುಮಾರು 9 ನ್ಯಾನೋಸೆಕೆಂಡ್, ಹತ್ತಿರ ಹತ್ತಿರ ಅರ್ಧ ತಾಳ. ದಾರಿಯಲ್ಲಿ ಸಿಗ್ನಲ್ಲಿಗೆ ಬಲ ಕೊಡುವ ಬಫರ್ ಚಿಪ್ಪುಗಳು ಸೇರಿಸುವ ತಡ ಬೇರೆ. ಮೇಲಿನವನು ಬಿಟ್ ಕೊಡೋ ಹೊತ್ತಿಗೆ ಕೆಳಗಿನವನು ಕೈ ಚಾಚಿಲ್ಲ, ಅವನು ಕೈ ಚಾಚೋ ಹೊತ್ತಿಗೆ ಬಿಟ್ ಬದಲಾಗಿದೆ.

ಎರಡು ವಾರ ನಾವು ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದೆವು. ಕೊನೆಗೆ ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನ ಎರಡು ಪ್ರೋಬನ್ನು ಆ ಎರಡು ಕಾರ್ಡಿನ ತಾಳದ ಪಿನ್ನಿಗೆ ಹಿಡಿದಾಗ ಪರದೆಯಲ್ಲಿ ಕಂಡಿತು. ಎರಡು ಅಲೆ, ಒಂದು ಏರುವಾಗ ಇನ್ನೊಂದು ಇಳೀತಿದೆ.

ಪರಿಹಾರ ನಿಮ್ಮ ಕೈಯಲ್ಲಿದೆ. ನಡುವೆ ಒಂದೇ ಕಡೆಯಿಂದ 16 ಕೇಬಲ್ ಹೊರಡಿಸಿದೆವು, 16ಕ್ಕೂ ಸರಿಯಾಗಿ ಒಂದೊಂದು ಮೀಟರ್. ದೂರದ ಕಾರ್ಡಿಗೆ ಅದು ನೇರ ಹೋಗುತ್ತೆ. ಹತ್ತಿರದ ಕಾರ್ಡಿಗೆ ಉಳಿದದ್ದನ್ನು ಸುರುಳಿ ಸುತ್ತಿ ನೂಲು ಕಟ್ಟಿದೆವು. ಎಲ್ಲರಿಗೂ ತಾಳ 5 ನ್ಯಾನೋಸೆಕೆಂಡ್ ತಡವಾಗೇ ತಲುಪುತ್ತೆ. ತಡವಾದರೆ ಚಿಂತೆಯಿಲ್ಲ. ಎಲ್ಲರಿಗೂ ಒಂದೇ ತಡ ಇರಬೇಕು, ಅಷ್ಟೇ. ಕೇಬಲ್ ಕತ್ತರಿಸುವಾಗ ನಾನು ಅಳತೆಪಟ್ಟಿ ಹಿಡಿದು ನೆಲದ ಮೇಲೆ ಕೂತಿದ್ದು, ಒಂದು ಸೆಂಟಿಮೀಟರ್ ಆಚೀಚೆ ಆದರೆ 50 ಪಿಕೋಸೆಕೆಂಡ್, ಪರವಾಗಿಲ್ಲ ಬಿಡು ಅಂತ ಗೆಳೆಯ ಹೇಳಿದ್ದು, ಇನ್ನೂ ಕಿವಿಯಲ್ಲಿದೆ.

ಎರಡನೇ ಕಷ್ಟ ಇದಕ್ಕಿಂತ ದೊಡ್ಡದು. ಇದರಲ್ಲಿ ತಪ್ಪು ನನ್ನದೇ.

ಯಂತ್ರ ಸರಿಯಾಗಿದೆಯಾ ಅಂತ ನೋಡೋಕೆ ನಮ್ಮ ಹತ್ತಿರ ಒಂದು ಪರೀಕ್ಷೆ ಇತ್ತು. ಕಾವಲಿಯ ನಟ್ಟನಡುವೆ ಮಾತ್ರ ಬಿಸಿ ಮುಟ್ಟಿಸಿ ಬಿಡೋದು. ಶಾಖ ನಾಲ್ಕೂ ಕಡೆ ಒಂದೇ ಸಮ ಹರಡಬೇಕು. ಉತ್ತರ ಎಷ್ಟು ಅಂತ ಗೊತ್ತಿಲ್ಲದಿದ್ದರೂ ಅದರ ಆಕಾರ ಹೇಗಿರಬೇಕು ಅಂತ ಗೊತ್ತು. ಅದನ್ನು ಬಣ್ಣ ಹಾಕಿ ಪರದೆ ಮೇಲೆ ತೋರಿಸ್ತಿದ್ದೆವು. ನಡುವೆ ಬಿಳಿ, ಸುತ್ತ ಹಳದಿ, ಆಮೇಲೆ ಕೆಂಪು, ಹೊರಗೆ ನೀಲಿ. ಸಂಕ್ರಾಂತಿ ದಿನ ಅಮ್ಮ ಅಂಗಳದಲ್ಲಿ ಬಿಡ್ತಿದ್ದ ರಂಗೋಲಿ ಹಾಗೇ ಇರ್ತಿತ್ತು. ಒಂದು ಎಸಳು ಸೊಟ್ಟ ಆದರೂ ದೂರದಿಂದಲೇ ಕಾಣುತ್ತೆ.

ಬೆಳಿಗ್ಗೆ ಎಲ್ಲ ಸರಿ ಇರ್ತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ರಂಗೋಲಿಯ ಕೆಳಗಿನ ಬಲ ಮೂಲೆಯಲ್ಲಿ ಒಂದು ನೀಲಿ ಚುಕ್ಕೆ ಕೆಂಪಾಗಿಬಿಡೋದು. ಆ ಕೆಂಪು ನಿಧಾನಕ್ಕೆ ಒಳಗೆ ಹರಡೋದು. ಏಪ್ರಿಲ್ ತಿಂಗಳು, ಪುಣೆಯ ಬಿಸಿಲು ನಿಮಗೆ ಗೊತ್ತು. ಆ ಮೂಲೆಯ ಕಾರ್ಡು ಕೆಟ್ಟಿದೆ ಅಂತ ಬದಲಿಸಿದೆವು. ಹೊಸ ಕಾರ್ಡೂ ಅದೇ ತಪ್ಪು ಮಾಡಿತು. ತೆಗೆದ ಕಾರ್ಡನ್ನು ಮೇಜಿನ ಮೇಲೆ ಒಂಟಿಯಾಗಿ ಇಟ್ಟು ಇಡೀ ರಾತ್ರಿ ಓಡಿಸಿದರೆ ಒಂದೂ ತಪ್ಪಿಲ್ಲ. ಒಬ್ಬೊಬ್ಬರೇ ಇದ್ದಾಗ ಎಲ್ಲರೂ ಸರಿ. ಒಟ್ಟಿಗೆ ಸೇರಿದಾಗ ತಪ್ಪು. ಪ್ಯಾರಲಲ್ ಯಂತ್ರ ಕಟ್ಟುವವರೆಲ್ಲ ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಕಾರಣ ಸಿಕ್ಕಿದ್ದು ಕೈಗೆ. ಏನೋ ತೆಗೆಯೋಕೆ ಚೌಕಟ್ಟಿನ ಹಿಂದೆ ಕೈ ಹಾಕಿದೆ, ಪವರ್ ಸಪ್ಲೈಯಿಂದ ಬರುವ ವೈರ್ ಬೆಚ್ಚಗೆ ತಗುಲಿತು. ಮನೆಯಲ್ಲಿ ಗೀಸರ್‌ಗೆ ಎಳೆಯೋ 2.5 ಸ್ಕ್ವೇರ್ ವೈರ್ ಅದು. ಆ ವೈರ್ ಸಾಕು ಅಂತ ಆರಿಸಿದವನು ನಾನು. ಒಂದು ಕಾರ್ಡು 2 ಆಂಪಿಯರ್ ಎಳೆಯುತ್ತೆ ಅಂತ ನೋಡಿದ್ದೆ. ಸಪ್ಲೈ ದೊಡ್ಡದೇ ತಂದಿದ್ದೆ. ಆದರೆ 16 ಕಾರ್ಡೂ ಒಟ್ಟಿಗೆ ಲೆಕ್ಕಕ್ಕೆ ಇಳಿದಾಗ 32 ಆಂಪಿಯರ್ ಆ ವೈರಿನಲ್ಲೇ ಹೋಗಬೇಕು ಅನ್ನೋದನ್ನು ಕಾಗದದ ಮೇಲೆ ಹಾಕಿ ನೋಡಿರಲಿಲ್ಲ. ಹೋಗೋಕೆ ಮುಕ್ಕಾಲು ಮೀಟರ್, ಬರೋಕೆ ಮುಕ್ಕಾಲು ಮೀಟರ್. ಒಂದೂವರೆ ಮೀಟರ್ ತಾಮ್ರಕ್ಕೆ ಸುಮಾರು 10 ಮಿಲಿ ಓಮ್ ರೋಧ. 32 ಆಂಪಿಯರ್‌ಗೆ ಗುಣಿಸಿದರೆ ಒಂದು ವೋಲ್ಟಿನ ಮೂರನೇ ಒಂದು ಭಾಗ ದಾರಿಯಲ್ಲೇ ಖರ್ಚು. ಚಿಪ್ಪಿಗೆ ಬೇಕಾಗಿದ್ದು 3.3 ವೋಲ್ಟ್, ಏನೇ ಆದರೂ 3.0ಕ್ಕಿಂತ ಕಡಿಮೆ ಆಗಬಾರದು. ಯಂತ್ರ ಸುಮ್ನೆ ಕೂತಿದ್ದಾಗ ಮೀಟರ್ ಹಿಡಿದರೆ 3.3 ತೋರಿಸ್ತಿತ್ತು. ಓಡುವಾಗ ಹಿಡಿದು ನೋಡಿದೆವು. ಸಪ್ಲೈಯಿಂದ ಎಲ್ಲರಿಗಿಂತ ದೂರ ಇದ್ದ ಮೂಲೆ ಕಾರ್ಡಿನಲ್ಲಿ 2.94.

ವೋಲ್ಟೇಜ್ ಇಳಿದರೆ ಚಿಪ್ಪಿನ ಒಳಗಿನ ಸರ್ಕಿಟ್ ನಿಧಾನ ಆಗುತ್ತೆ. ಬಿಸಿ ಏರಿದರೆ ಇನ್ನೂ ನಿಧಾನ. ಬೆಳಿಗ್ಗೆ ತಂಪಿನಲ್ಲಿ ಹೇಗೋ 20 ನ್ಯಾನೋಸೆಕೆಂಡಿನ ಒಳಗೆ ಲೆಕ್ಕ ಮುಗೀತಿತ್ತು, ಮಧ್ಯಾಹ್ನ ಮುಗೀತಿರಲಿಲ್ಲ. ಅಷ್ಟೇ ವಿಷಯ.

ದಪ್ಪ ತಾಮ್ರದ ಪಟ್ಟಿ ಬೇಕಾಯಿತು. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ನಮಗೆ ಬೇಕಾದ ಚಿಪ್ಪು, ಕನೆಕ್ಟರ್, ಸ್ಕ್ರೂ ಎಲ್ಲ ಸಿಗ್ತಿತ್ತು. ನಮ್ಮ ಅಳತೆಯ ಪಟ್ಟಿ ಅವತ್ತು ಸಿಗಲಿಲ್ಲ. ಅಲ್ಲಿಂದ ನಡೆದು ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋದೆ. ತಾಮ್ರದ ಹಂಡೆ, ಕೊಡ ಬಡಿಯೋರ ಬೀದಿ. ಓಣಿಗೆ ಕಾಲಿಟ್ಟ ಕೂಡಲೇ ಟಣ್ ಟಣ್ ಅಂತ ಸುತ್ತಿಗೆ ಸದ್ದು. ಒಬ್ಬ ಹಿರಿಯರು ಕೂತು ಒಂದು ಹಂಡೆಯ ಮೈಗೆ ಸಾಲಾಗಿ ಪೆಟ್ಟು ಹಾಕ್ತಿದ್ದರು. ಕಾಗದದಲ್ಲಿ ಬರೆದಿದ್ದ ಅಳತೆ ತೋರಿಸಿದೆ, 20 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ.

‘ಏನು ಮಾಡಿಸ್ತೀರಿ ಇದರಿಂದ?’ ಅಂತ ಕೇಳಿದರು.

‘ಕರೆಂಟು ಹೋಗೋಕೆ ದಾರಿ ಮಾಡ್ಬೇಕು ಕಾಕಾ’ ಅಂದೆ, ನನ್ನ ಅರೆಬರೆ ಮರಾಠಿಯಲ್ಲಿ.

ಅವರು ಪಟ್ಟಿ ಕತ್ತರಿಸಿ, ಕಟ್ಟೆ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದರು. ಕೊಡುವಾಗ ಒಂದು ಮಾತು ಹೇಳಿದರು. ‘ತೂತು ಹೊಡೆಯೋ ಕಡೆ ಚೆನ್ನಾಗಿ ಉಜ್ಜಿ ಹೊಳಪು ಬರಿಸ್ಕೊಳ್ಳಿ. ಕಿಲುಬು ಇದ್ರೆ ತಾಮ್ರ ತಾಮ್ರ ಕೂಡೋದಿಲ್ಲ.’

ಕೂಡುವ ಜಾಗದಲ್ಲಿ ರೋಧ ಇರಬಾರದು ಅನ್ನೋದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಕೈಯಲ್ಲಿ ಕಲಿತಿದ್ದರು. ಆ ಮಾತಿನ ಪ್ರಕಾರವೇ ಉಜ್ಜಿ, ಬೋಲ್ಟ್ ಬಿಗಿದು ಕೂರಿಸಿದೆವು. ಆ ಪಟ್ಟಿಯಲ್ಲಿ 32 ಆಂಪಿಯರ್ ಹೋದರೂ ದಾರಿಯಲ್ಲಿ ಕಳೆಯೋದು 14 ಮಿಲಿವೋಲ್ಟ್ ಅಂತ ಈ ಸಲ ಮೊದಲೇ ಲೆಕ್ಕ ಹಾಕಿದ್ದೆ. ಓಡುವಾಗ ಮೂಲೆ ಕಾರ್ಡಿನಲ್ಲಿ ಮೀಟರ್ 3.27 ತೋರಿಸಿತು. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ರಂಗೋಲಿ ನಾಲ್ಕೂ ಕಡೆ ಸರಿಯಾಗಿ ಬಂತು. ಸಂಜೆವರೆಗೂ ನಾನು ಪರದೆ ಮುಂದಿನಿಂದ ಏಳಲಿಲ್ಲ.

ಪ್ಯಾರಲಲ್ ಕಂಪ್ಯೂಟರ್ ಅಂದ ಕೂಡಲೇ ಎಲ್ಲರೂ ಲೆಕ್ಕದ ವೇಗ ಕೇಳ್ತಾರೆ. ನಮ್ಮ ಯಂತ್ರದಲ್ಲಿ ಕೂಡುವ, ಗುಣಿಸುವ ಸರ್ಕಿಟ್ ಒಂದು ತಿಂಗಳಲ್ಲಿ ಮುಗಿದಿತ್ತು. ಉಳಿದ ಎರಡು ವರ್ಷ ಹೋದದ್ದು ಮೂರಕ್ಕೆ: ಸುದ್ದಿ ಸಾಗಿಸೋದು, ತಾಳ ಹಂಚೋದು, ಕರೆಂಟು ಮುಟ್ಟಿಸೋದು. ಮೂರೂ ತಂತಿ ಕೆಲಸವೇ.

ಇದು ಬರೀ ನಮ್ಮ ಸಣ್ಣ ಯಂತ್ರದ ಕಥೆ ಅಂತ ತಿಳಿಯಬೇಡಿ. ಪುಣೆಯಿಂದ ನಾಸಿಕ್ ಕಡೆ ಹೊರಟರೆ ನಾರಾಯಣಗಾವ್ ಸಿಗುತ್ತೆ. ಅಲ್ಲಿಂದ ಸ್ವಲ್ಪ ಒಳಗೆ ಖೋಡದ್. ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇರೋದು ಅಲ್ಲಿ. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕನಸಿನ ಕೂಸು. 45 ಮೀಟರ್ ಅಗಲದ 30 ಡಿಶ್‌ಗಳು. 14 ಡಿಶ್ ನಡುವೆ ಹತ್ತಿರ ಹತ್ತಿರ, 16 ಡಿಶ್ ಮೂರು ತೋಳಿನ ಉದ್ದಕ್ಕೆ ಹರಡಿವೆ. ಇದನ್ನು ನಡೆಸುವ ರೇಡಿಯೋ ಖಗೋಳ ವಿಜ್ಞಾನ ಕೇಂದ್ರ ಎನ್‌ಸಿಆರ್‌ಎ ಇರೋದು ಪುಣೆ ವಿದ್ಯಾಪೀಠದ ಆವರಣದಲ್ಲೇ. 30 ಡಿಶ್ ಸೇರಿ ಒಂದೇ ದೊಡ್ಡ ಡಿಶ್ ಆಗಬೇಕಾದರೆ ಪ್ರತಿ ಡಿಶ್‌ನ ಸಿಗ್ನಲ್ಲನ್ನು ಉಳಿದ ಪ್ರತಿಯೊಂದರ ಜೊತೆ ಗುಣಿಸಬೇಕು. 30 ಜನ ಸೇರಿದಾಗ ಎಲ್ಲರೂ ಎಲ್ಲರ ಕೈ ಕುಲುಕಿದರೆ ಎಷ್ಟಾಗುತ್ತೆ? 435. ಅಷ್ಟು ಜೋಡಿ. ಈ ಕೆಲಸ ಮಾಡುವ ಯಂತ್ರಕ್ಕೆ ಕೋರಿಲೇಟರ್ ಅಂತಾರೆ. ಅದು ಒಂದು ಪ್ಯಾರಲಲ್ ಕಂಪ್ಯೂಟರೇ.

ಈಗ ತಡದ ಲೆಕ್ಕ ನೋಡಿ. ತೋಳಿನ ತುದಿಯ ಡಿಶ್ ನಡುವಿನ ಕಟ್ಟಡದಿಂದ ಸುಮಾರು 14 ಕಿಲೋಮೀಟರ್ ದೂರ. ಸಿಗ್ನಲ್ ಆಪ್ಟಿಕಲ್ ಫೈಬರ್‌ನಲ್ಲಿ ಬರುತ್ತೆ. ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಹಿಡಿದರೆ 70 ಮೈಕ್ರೋಸೆಕೆಂಡ್ ತಡ. ದೂರದರ್ಶಕವನ್ನು ಮೇಲ್ದರ್ಜೆಗೆ ಏರಿಸಿದ್ದಾರೆ, ಒಂದೇ ಸಲಕ್ಕೆ 400 ಮೆಗಾಹರ್ಟ್ಸ್ ಅಗಲದ ಕಂಪನಗಳ ಪಟ್ಟಿ, ಅಂದರೆ ಬ್ಯಾಂಡ್, ಹಿಡಿಯಬಹುದು. ಅದನ್ನು ಅಂಕಿ ಮಾಡಲು ಅದರ ಎರಡರಷ್ಟು, ಸೆಕೆಂಡಿಗೆ ಕನಿಷ್ಠ 80 ಕೋಟಿ ಸಲ ಅಳೆಯಬೇಕು. 70 ಮೈಕ್ರೋಸೆಕೆಂಡಿನಲ್ಲಿ 56,000 ಅಳತೆ ಆಗಿಬಿಡುತ್ತೆ. ಅಂದರೆ ನಡುವಿನ ಡಿಶ್‌ನ ಅಳತೆಗಳು ದೂರದ ಡಿಶ್‌ಗೋಸ್ಕರ ಮೆಮೊರಿಯಲ್ಲಿ ಕಾದು ಕೂರಬೇಕು. ನಮ್ಮ ಸುರುಳಿ ಕೇಬಲ್ ಮಾಡಿದ ಕೆಲಸವೇ, ಇಲ್ಲಿ ಅದನ್ನು ಮೆಮೊರಿ ಮಾಡುತ್ತೆ. ಜೊತೆಗೆ ಭೂಮಿ ತಿರುಗುತ್ತಾ ಇರುತ್ತೆ, ಹಾಗಾಗಿ ನಕ್ಷತ್ರದಿಂದ ಒಂದೊಂದು ಡಿಶ್‌ಗೆ ಅಲೆ ತಲುಪುವ ಹೊತ್ತು ಕ್ಷಣಕ್ಷಣಕ್ಕೂ ಬದಲಾಗುತ್ತೆ. ಸುರುಳಿಯ ಉದ್ದವನ್ನು ಬಿಡುವಿಲ್ಲದೆ ಬದಲಿಸುತ್ತಾ ಇದ್ದ ಹಾಗೆ.

ಪ್ರತಿ ಡಿಶ್‌ನಿಂದ ಎರಡು ಸಿಗ್ನಲ್. ಒಟ್ಟು 60. ಸೆಕೆಂಡಿಗೆ 4,800 ಕೋಟಿ ಅಳತೆ ಒಂದೇ ಕಟ್ಟಡಕ್ಕೆ ನುಗ್ಗುತ್ತೆ. ಇದನ್ನು ಹಂಚೋದರಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಹಂತದಲ್ಲಿ ಒಂದೊಂದು ಡಿಶ್‌ನ ಸಿಗ್ನಲ್ಲನ್ನು ಬೇರೆ ಬೇರೆ ಕಂಪನಗಳಾಗಿ ಬಿಡಿಸಬೇಕು. ಅದಕ್ಕೆ ಡಿಶ್‌ಗೊಬ್ಬ ಕೆಲಸಗಾರ ಸಾಕು. ಎರಡನೇ ಹಂತದಲ್ಲಿ ಒಂದು ಕಂಪನಕ್ಕೆ ಎಲ್ಲ 30 ಡಿಶ್‌ನ ಪಾಲೂ ಒಂದೇ ಕಡೆ ಸೇರಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪು ಮಾಡಿಕೊಳ್ಳಿ. ಬರೆಯೋದು ಒಂದೊಂದು ಊರಿನ ಕೇಂದ್ರದಲ್ಲಿ. ತಿದ್ದೋದು ವಿಷಯದ ಪ್ರಕಾರ, ಗಣಿತ ಒಂದು ಕಡೆ, ಕನ್ನಡ ಒಂದು ಕಡೆ. ನಡುವೆ ಎಲ್ಲ ಕೇಂದ್ರದಿಂದ ಎಲ್ಲ ಕಡೆಗೂ ಬಂಡಲ್ ಹೋಗಬೇಕು. ಕೋರಿಲೇಟರ್ ಕಟ್ಟುವವರ ನಿದ್ದೆ ಕೆಡಿಸೋದು ಈ ಬಂಡಲ್ ಸಾಗಣೆ. ಅವರು ಇದಕ್ಕೆ ಕಾರ್ನರ್ ಟರ್ನ್ ಅಂತಾರೆ.

ಜಿಎಂಆರ್‌ಟಿಯ ಮೊದಲ ಕೋರಿಲೇಟರ್‌ನಲ್ಲಿ ಈ ಕೆಲಸಕ್ಕೇ ಅಂತ ಮಾಡಿದ ಚಿಪ್ಪುಗಳಿದ್ದವು, ಪಟ್ಟಿ 32 ಮೆಗಾಹರ್ಟ್ಸ್. 2010ರ ಹೊತ್ತಿಗೆ ಮಾಮೂಲಿ ಕಂಪ್ಯೂಟರುಗಳ ಗುಂಪು ಕಟ್ಟಿ, ಅದೇ ಕೆಲಸವನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿದರು. ಈಗಿನದು ಎರಡೂ ಸೇರಿದ್ದು. ಮುಂದೆ ಎಫ್‌ಪಿಜಿಎ ಬೋರ್ಡುಗಳು ಕಂಪನ ಬಿಡಿಸುವ ಹಂತಕ್ಕೆ ಅಂಕಿಗಳನ್ನು ಸಿದ್ಧ ಮಾಡಿ ಕಳಿಸುತ್ತವೆ, ಹಿಂದೆ ಜಿಪಿಯುಗಳು, ಅಂದರೆ ಪರದೆಯ ಚಿತ್ರಕ್ಕೆ ಅಂತ ಹುಟ್ಟಿದ ಚಿಪ್ಪುಗಳು, ಭಾರೀ ಲೆಕ್ಕ ಮಾಡುತ್ತವೆ, ನಡುವೆ ವೇಗದ ನೆಟ್‌ವರ್ಕ್. ಜಿಪಿಯು ಅಂಗಡಿಯಲ್ಲಿ ಸಿಗುತ್ತೆ. ಯಾವ ಅಂಕಿ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು ಅನ್ನೋದು ಸಿಗಲ್ಲ. ಅದನ್ನು ಇಲ್ಲಿನ ಎಂಜಿನಿಯರುಗಳೇ ಕೂತು ಕಟ್ಟಬೇಕು, ಕಟ್ಟಿದ್ದಾರೆ. ಇನ್ನೊಂದು ವಿಚಿತ್ರ ನೋಡಿ. ಲೆಕ್ಕ ಮಾಡುವ ಈ ಯಂತ್ರವೇ ರೇಡಿಯೋ ಗಲಾಟೆ ಎಬ್ಬಿಸುತ್ತೆ. ನಕ್ಷತ್ರದ ಪಿಸುಮಾತು ಕೇಳಬೇಕಾದ ಜಾಗದಲ್ಲಿ ಅದು ಸಲ್ಲ. ಹಾಗಾಗಿ ಇಂಥ ಯಂತ್ರವನ್ನು ಲೋಹದ ಹೊದಿಕೆ ಇರೋ ಕೋಣೆಯಲ್ಲಿ ಮುಚ್ಚಿಡಬೇಕಾಗುತ್ತೆ.

ಇಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು ನಾಲ್ಕಾರು ಜನ ಕಾಣ್ತಿದ್ದಾರೆ. ನಿಮಗೆ ಒಂದು ಮಾತು. ಇವತ್ತು ಎಫ್‌ಪಿಜಿಎ ಬೋರ್ಡು ಕೈಗೆಟಕುವ ಬೆಲೆಗೆ ಸಿಗುತ್ತೆ. ಪ್ರೊಸೆಸರ್ ಪಾಲಿಸಬೇಕಾದ ಆಜ್ಞೆಗಳ ಪಟ್ಟಿ ರಿಸ್ಕ್-ಫೈವ್ ಯಾರು ಬೇಕಾದರೂ ಬಳಸುವ ಹಾಗೆ ತೆರೆದಿದೆ. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್, ಸಿ-ಡ್ಯಾಕ್‌ನ ‘ವೇಗಾ’ ಪ್ರೊಸೆಸರ್, ಎರಡೂ ಅದರ ಮೇಲೆ ಕಟ್ಟಿದವು. ದೊಡ್ಡದು ಬೇಡ, ಎರಡು ಬೋರ್ಡು ತಗೊಳ್ಳಿ. ಎರಡರ ನಡುವೆ ನೀವೇ ತಂತಿ ಎಳೆದು ಒಂದು ಬಿಟ್ ತಪ್ಪಿಲ್ಲದೆ ಇಡೀ ರಾತ್ರಿ ದಾಟಿಸಿ ನೋಡಿ. ಆಮೇಲೆ ಮೂರನೆಯದು ಸೇರಿಸಿ. ಕಷ್ಟ ಶುರುವಾಗೋದು ಮೂರನೆಯದರಿಂದ.

ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಖೋಡದ್‌ನಲ್ಲಿ ಜಿಎಂಆರ್‌ಟಿಯನ್ನು ಜನರಿಗೆ ತೆರೆದಿಡುತ್ತಾರೆ. ಊರಿನ ಶಾಲೆ ಮಕ್ಕಳು ಬಸ್ಸು ತುಂಬಾ ಬರ್ತಾರೆ. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ಡಿಶ್ ಎಷ್ಟು ದೊಡ್ಡದು ಅಂತ ಎಲ್ಲರೂ ತಲೆ ಎತ್ತಿ ನೋಡ್ತಾರೆ, ನೀವೂ ನೋಡಿ. ಆಮೇಲೆ ಅಲ್ಲಿನವರನ್ನು ಕೇಳಿ, 30 ಡಿಶ್‌ನ ಫೈಬರ್‌ಗಳು ಒಳಗೆ ಬರೋದು ಎಲ್ಲಿ, ಯಾವ ಡಿಶ್ ಯಾವುದಕ್ಕೋಸ್ಕರ ಕಾಯುತ್ತೆ ಅಂತ.

ಕೇಬಲ್ ಕೊನೆ ಸಾಲಿಗೆ ಬಂತಾ? ಅಲ್ಲಿಂದ ವಾಪಸ್ ಕಳಿಸಿಬಿಡಿ. ನೂಲು ಹಳೇದು, ಬಿಚ್ಚಬೇಡಿ.